ಮೆಲಿತೋನನ ಎರಡನೆಯ ಸೌಟು

ಇವತ್ತು ಯಾವ ವಾರ ಎಂದು ತಿಳಿಯಲು ಮೆಲಿತೋನ್ ಕಾರ್ದೆನಾಸನಿಗೆ ಕ್ಯಾಲೆಂಡರ್ ಬೇಕಿರಲಿಲ್ಲ, ಮೂಗು ಸಾಕಿತ್ತು. ನಮ್ಮ ತಿಯಾಬಾಯಾದಲ್ಲಿ ಈರುಳ್ಳಿ ಹೊಲಗಳಿಗೆ ತಾಗಿದಂತೆ ದೋನ್ಯಾ ರುಫೀನಾಳ ಪಿಕಾಂತೇರಿಯಾ ಇದೆ. ಊಟದ ಮನೆ ಎಂದರೆ ಇಷ್ಟೇ: ಹೊಗೆ ಹಿಡಿದ ಸೌದೆ ಒಲೆ, ಪಕ್ಕದಲ್ಲಿ ಮೆಣಸು ಅರೆಯುವ ಕಲ್ಲು, ಎದುರಿಗೆ ಎರಡು ಉದ್ದನೆಯ ಮೇಜು, ಬೆಂಚುಗಳು. ಬಂದವರು ಗುರುತಿದ್ದರೂ ಇಲ್ಲದಿದ್ದರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡೇ ಉಣ್ಣಬೇಕು. ಅರೆಕೀಪಾ ಸೀಮೆಯ ರೂಢಿಯಂತೆ ಅಲ್ಲೂ ದಿನಕ್ಕೊಂದು ಸಾರು. ಸೋಮವಾರ ಚಾಕೆ, ಮಂಗಳವಾರ ಚೈರೊ, ಶುಕ್ರವಾರ ಮೂಳೆ ಬೇಯಿಸಿದ ರಸಕ್ಕೆ ಹಾಲು, ಚೀಸು, ಕುಂಬಳಕಾಯಿ ಹಾಕಿದ ಚುಪೆ. ವಾರ ತಪ್ಪಿದರೂ ಸಾರು ತಪ್ಪುವುದಿಲ್ಲ. ಮೆಲಿತೋನ್ ಓಣಿಯ ತಿರುವಿನಲ್ಲೇ ಮೂಗೆಳೆದು, “ಓ, ಇವತ್ತು ಮಂಗಳವಾರ” ಅನ್ನುವ ಆಸಾಮಿ.

ರುಫೀನಾಳ ಮೇಜಿನ ಮೇಲೆ ಉಪ್ಪಿನ ಬಟ್ಟಲು ಇಡುವ ಪದ್ಧತಿ ಇಲ್ಲ. ಅವಳ ತಾಯಿಯ ಕಾಲದಿಂದಲೂ ಇಲ್ಲ. ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ, ಅವಳು “ಸರಿ” ಅಂದಳೆಂದರೆ ಸರಿ. ಒಮ್ಮೆ ರಾಜಧಾನಿಯ ಕಡೆಯಿಂದ ಬಂದ ಯಾರೋ ಒಬ್ಬ ಠೀವಿಯಿಂದ ಉಪ್ಪು ಕೇಳಿದ್ದ. ರುಫೀನಾ ಅವನ ಮುಂದಿನ ಬಟ್ಟಲು ಎತ್ತಿಕೊಂಡು, ನಿನಗೆ ಜ್ವರ ಬಂದಿರಬೇಕು, ಮನೆಗೆ ಹೋಗಿ ಮಲಗು ಅಂದಳು. ಮೇಜಿನ ಸುತ್ತ ಕೂತವರೆಲ್ಲ ತಲೆಯಾಡಿಸಿದರು. ಅವಳ ಸಾರು ರುಚಿಸಲಿಲ್ಲ ಎಂದರೆ ಉಂಡವನಿಗೆ ಕಾಯಿಲೆ ಎಂದೇ ನಮ್ಮೂರಿನವರ ತಿಳಿವಳಿಕೆ. ಬೇರೆ ಸಾಧ್ಯತೆ ಯಾರ ತಲೆಗೂ ಬರುವುದಿಲ್ಲ.

ಮೆಲಿತೋನ್ ಲಾರಿ ಡ್ರೈವರ್. ಮೂವತ್ತನಾಲ್ಕು ವರ್ಷ ಸಿಮೆಂಟು ಹೇರಿಕೊಂಡು ಬೆಟ್ಟ ಹತ್ತಿ ಹುಲಿಯಾಕಾ ದಾಟಿ ಕುಸ್ಕೊವರೆಗೆ ಹೋಗುವುದು, ಆಲೂಗಡ್ಡೆಯನ್ನೋ ಉಣ್ಣೆಯನ್ನೋ ತುಂಬಿಕೊಂಡು ಇಳಿಯುವುದು. ಬೇರೆ ಡ್ರೈವರುಗಳು ದಾರಿಯನ್ನು ಮೈಲಿಗಲ್ಲಿನಿಂದ ಲೆಕ್ಕ ಹಾಕಿದರೆ ಇವನು ಊಟದಿಂದ ಹಾಕುತ್ತಿದ್ದ. ಪತಾವಾಸಿಯಲ್ಲಿ ಬೆಳಗಿನ ಹೊತ್ತು ಸತುರ್ನೀನಾ ಮಾಡುವ ಕುರಿತಲೆಯ ಸಾರು, ಲಗುನಿಲ್ಯಾಸ್ ಕೆರೆಯ ದಂಡೆಯಲ್ಲಿ ಹುರಿದ ಟ್ರೌಟ್ ಮೀನು, ಅಯಾವಿರಿಯಲ್ಲಿ ಮಣ್ಣಿನ ಗೂಡಿನಲ್ಲಿ ಬೇಯಿಸಿದ ಕುರಿಮರಿ. ಹೀಗೆ ದಾರಿಯುದ್ದಕ್ಕೂ ಏಳು ಊಟ. ಊರಿಗೆ ಮರಳಿದ ಮೊದಲ ಮಧ್ಯಾಹ್ನ ನೇರ ರುಫೀನಾಳ ಬೆಂಚಿಗೆ. ಒಂದು ಬಟ್ಟಲು ಮುಗಿಸಿ, ಕಪ್ಪು ಮೆಕ್ಕೆಜೋಳ ಹುಳಿಬರಿಸಿದ ಚಿಚಾ ಪಾನೀಯ ಒಂದು ದೊಡ್ಡ ಲೋಟ ಇಳಿಸಿ, “ಇನ್ನೊಂದು ಸೌಟು ಹಾಕು ಅಕ್ಕಾ” ಎಂದು ಬಟ್ಟಲು ಚಾಚುವುದು. ಆ ಎರಡನೆಯ ಸೌಟಿಗಾಗಿ ರುಫೀನಾ ಪಾತ್ರೆಯ ತಳದಲ್ಲಿ ಮೂಳೆಯ ಒಳ್ಳೆಯ ತುಂಡೊಂದನ್ನು ಅಡಗಿಸಿ ಇಟ್ಟಿರುತ್ತಿದ್ದಳು.

ಆಮೇಲೆ ಮನೆಗೆ ಹೋಗಿ ಹೆಂಡತಿ ಕಾಸಿಲ್ದಾಳಿಗೆ ದಾರಿಯ ಊಟದ ವರದಿ ಒಪ್ಪಿಸಬೇಕು. ಕಾಸಿಲ್ದಾ ಪಟ್ಟಣದಿಂದಾಚೆ ಬೆಟ್ಟದ ದಾರಿಗೆ ಕಾಲಿಟ್ಟವಳೇ ಅಲ್ಲ. ಲಾರಿಯಲ್ಲಿ ಹೆಂಗಸರನ್ನು ಕೂರಿಸಬಾರದೆಂದು ಮಾಲೀಕನ ಕಟ್ಟುನಿಟ್ಟು, ಮನೆಯಲ್ಲಿ ಮೂರು ಮಕ್ಕಳು, ಕೋಳಿಗಳು, ಒಂದು ತುಂಡು ಈರುಳ್ಳಿ ಹೊಲ. ಆದರೆ ಕೇಳುವುದರಲ್ಲಿ ಅವಳು ವಕೀಲೆ. ಬೆಳ್ಳುಳ್ಳಿ ಜಜ್ಜಿ ಹಾಕಿದ್ದೋ, ಅರೆದು ಹಾಕಿದ್ದೋ? ತಟ್ಟೆ ಯಾವ ಬಣ್ಣದ್ದು? ಪಕ್ಕದಲ್ಲಿ ಕೂತವನು ಏನು ತಿಂದ? ಸ್ಟೇರಿಂಗ್ ಬಿಟ್ಟ ವರ್ಷ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿಕೊಂಡು ಏಳೂ ಕಡೆ ಊಟ ಮಾಡಿಸುತ್ತೇನೆ ಎಂದು ಮೆಲಿತೋನ್ ಮಾತು ಕೊಟ್ಟಿದ್ದ. ಆ ಮಾತು ಕೊಟ್ಟಾಗ ಅವರ ದೊಡ್ಡ ಮಗಳಿಗೆ ಹಲ್ಲು ಬಂದಿರಲಿಲ್ಲ. ಈಗ ಅವಳಿಗೇ ಇಬ್ಬರು ಮಕ್ಕಳು.

ಕಳೆದ ಬೇಸಿಗೆಯ ಕೊನೆಯಲ್ಲಿ ಸ್ಟೇರಿಂಗ್ ತಾನಾಗಿಯೇ ಅವನನ್ನು ಬಿಟ್ಟಿತು. ಘಾಟಿಯಲ್ಲಿ ಅವನಿಗೆ ತಲೆ ಸುತ್ತಿ ಲಾರಿ ನಿಲ್ಲಿಸಬೇಕಾಯಿತು. ಡಾಕ್ಟರು ರಕ್ತದೊತ್ತಡ ನೋಡಿ ಹುಬ್ಬೇರಿಸಿ, ಇನ್ನು ಲಾರಿ ಸಾಕು ಎಂದರು. ಮಾತ್ರೆ ಕೊಟ್ಟರು. ಒಂದು ಕಾಗದದಲ್ಲಿ ಉಪ್ಪು ಕಡಿಮೆ ಮಾಡಬೇಕು, ಅದು ಬಿಡಬೇಕು, ಇದು ಬಿಡಬೇಕು ಎಂದು ಬರೆದೂ ಕೊಟ್ಟರು. ಮೆಲಿತೋನ್ ಮಾತ್ರೆ ನುಂಗಿದ. ಕಾಗದವನ್ನು ನಾಲ್ಕಾಗಿ ಮಡಚಿ ಟೋಪಿಯ ಒಳಪಟ್ಟಿಯಲ್ಲಿ ಸಿಕ್ಕಿಸಿದ. ಮನೆಯಲ್ಲಿ, ವಯಸ್ಸಾಯಿತು ಅಂತ ಕಂಪನಿಯವರು ಬಿಡುವು ಕೊಟ್ಟಿದ್ದಾರೆ, ಅಷ್ಟೇ ಎಂದ. ಗಂಡಸರು ಇಂಥ ವಿಷಯದಲ್ಲಿ ತಾವೇ ಬುದ್ಧಿವಂತರು ಅಂದುಕೊಂಡಿರುತ್ತಾರೆ.

ಅದಾಗಿ ಎರಡು ವಾರಕ್ಕೆ ಅವನ ಬಾಯಿಯ ರುಚಿ ಹೋಯಿತು.

ಮೊದಲು ಗೊತ್ತಾದದ್ದು ರುಫೀನಾಳ ಮನೆಯಲ್ಲಿ. ಒಂದು ಸೋಮವಾರದ ಚಾಕೆ. ಬಣ್ಣ ಅದೇ, ಹಬೆ ಅದೇ, ಮೇಲೆ ತೇಲುವ ಎಣ್ಣೆಯೂ ಅದೇ. ಬಾಯಿಗಿಟ್ಟರೆ ಬೆಚ್ಚಗಿನ ನೀರು. ರೊಕೋತೊ ಮೆಣಸು ಸುಡುತ್ತಿತ್ತು, ಚಿಚಾದ ಹುಳಿ ತಿಳಿಯುತ್ತಿತ್ತು, ಆದರೆ ಸಾರು ಸಾರಾಗಿರಲಿಲ್ಲ. ಅವನು ಎದುರಿಗೆ ಕೂತ ಅಬ್ದೋನ್ ಮೇಷ್ಟ್ರ ಮುಖ ನೋಡಿದ. ನಿವೃತ್ತಿಯಾದ ಮೇಲೆ ಊಟ ಬಿಟ್ಟರೆ ಬೇರೆ ಕೆಲಸ ಇಟ್ಟುಕೊಳ್ಳದ ಮೇಷ್ಟ್ರು ಚಪ್ಪರಿಸಿಕೊಂಡು ಉಣ್ಣುತ್ತಿದ್ದರು. ಪಕ್ಕದಲ್ಲಿ ಕ್ಷೌರದ ಪ್ಲಾಸಿದೊ ಬಟ್ಟಲಿನ ತಳ ಕೆರೆಯುತ್ತಿದ್ದ. ಎಲ್ಲರಿಗೂ ರುಚಿಸಿದೆ, ತನಗೆ ಮಾತ್ರ ಇಲ್ಲ. ಮನೆಗೆ ಬಂದು ರಾತ್ರಿ ಊಟಕ್ಕೆ ಕೂತರೆ ಕಾಸಿಲ್ದಾಳ ಪಲ್ಯವೂ ಹಾಗೇ, ಹುಲ್ಲು ಅಗಿದಂತೆ.

ಕಾರಣ ಮೆಲಿತೋನನಿಗೆ ಗೊತ್ತಿತ್ತು. ಟ್ಯಾಂಕಿನಿಂದ ಡೀಸೆಲ್ ತೆಗೆಯುವಾಗ ರಬ್ಬರ್ ಕೊಳವೆಯನ್ನು ಬಾಯಲ್ಲಿ ಎಳೆಯುವುದು ಲಾರಿಯವರ ಅಭ್ಯಾಸ. ಮೂವತ್ತನಾಲ್ಕು ವರ್ಷದಲ್ಲಿ ಎಷ್ಟು ಗುಟುಕು ಒಳಗೆ ಹೋಗಿತ್ತೋ. ಡೀಸೆಲ್ ಕುಡಿದ ನಾಲಿಗೆ, ಸ್ಟೇರಿಂಗ್ ಬಿಟ್ಟ ವರ್ಷವೇ ಸಾಯುತ್ತದೆ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದದ್ದನ್ನು ಅವನು ನಗುತ್ತಾ ಕೇಳಿದ್ದ. ಈಗ ನಗು ಬರಲಿಲ್ಲ. ಸಾರಿನಲ್ಲಿ ಏನೋ ಕಡಿಮೆಯಾಗಿದೆ ಎಂಬ ಯೋಚನೆ ಅವನಿಗೆ ಒಂದು ಕ್ಷಣವೂ ಬರಲಿಲ್ಲ. ನಮ್ಮೂರಿನಲ್ಲಿ ಹುಟ್ಟಿದವನು ರುಫೀನಾಳ ಕೈಯನ್ನು ಅನುಮಾನಿಸುವ ಮೊದಲು ತನ್ನ ನಾಲಿಗೆಯನ್ನು ಕಿತ್ತು ಎಸೆಯುತ್ತಾನೆ.

ಯಾರಿಗೂ ಹೇಳಲಿಲ್ಲ. ಹೇಳುವುದಾದರೂ ಏನು? ಹಣ ಕೂಡಿಡಲಿಲ್ಲ, ಮಹಡಿ ಕಟ್ಟಿಸಲಿಲ್ಲ. ಇಡೀ ಜೀವನದಲ್ಲಿ ಅವನು ಸಂಪಾದಿಸಿದ್ದು ಆ ಏಳು ಊಟ, ಈ ಊರಿನ ಏಳು ಸಾರು. ಅದೂ ಹೋದ ಮೇಲೆ ಉಳಿದದ್ದು ಬರೀ ಹೊಟ್ಟೆ. ಮನೆಯಲ್ಲಿ ಮೊದಲಿಗಿಂತ ಜೋರಾಗಿ ಚಪ್ಪರಿಸತೊಡಗಿದ. ರುಫೀನಾಳಲ್ಲಿ ಬಟ್ಟಲು ಖಾಲಿ ಮಾಡಿ ಬಾಯಿ ಒರೆಸಿಕೊಳ್ಳುತ್ತಿದ್ದ. ಆದರೆ ಎರಡನೆಯ ಸೌಟು ಮಾತ್ರ ಕೇಳುತ್ತಿರಲಿಲ್ಲ. ರುಫೀನಾ ಸೌಟು ಹಿಡಿದು ಒಂದು ಗಳಿಗೆ ಕಾಯುವಳು. ಇವನು, ಹೊಟ್ಟೆ ತುಂಬ್ತು ಅಕ್ಕಾ ಅನ್ನುವನು. ಅವಳು ಒಲೆಯ ಕಡೆ ತಿರುಗುವಳು.

ಇತ್ತ ಕಾಸಿಲ್ದಾ ಹೊಸ ಟೋಪಿ ಕೊಂಡು ಕೂತಿದ್ದಳು. ಯಾವಾಗ ಹೊರಡೋಣ ಎಂದು ಅವಳು ಕೇಳುವುದು, ಇವನು ನೆಪ ಹೇಳುವುದು. ಒಮ್ಮೆ ಮಂಡಿ ನೋವು, ಒಮ್ಮೆ ದಾರಿಯಲ್ಲಿ ಮುಷ್ಕರ, ಒಮ್ಮೆ ಚಳಿ. ಅವಳನ್ನು ಸತುರ್ನೀನಾಳ ಬೆಂಚಿನ ಮೇಲೆ ಕೂರಿಸಿ, ತಾನು ಎದುರಿಗೆ ಕೂತು, ನೀರು ಕುಡಿದಂತೆ ಆ ಸಾರು ಕುಡಿಯುವುದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು. ಅದು ಹೇಗಿದೆ ಎಂದು ಅವಳು ಕೇಳಿದರೆ ಏನು ಹೇಳುವುದು? ಮೂವತ್ತನಾಲ್ಕು ವರ್ಷ ಸುಳ್ಳು ಹೇಳದ ಒಂದೇ ವಿಷಯ ಅದು.

ನಾಲ್ಕನೆಯ ತಿಂಗಳಿಗೆ ಕಾಸಿಲ್ದಾಳ ತಾಳ್ಮೆ ಕಿತ್ತುಹೋಯಿತು. ಟೋಪಿಯನ್ನು ಮೇಜಿನ ಮೇಲೆ ಕುಕ್ಕಿ ಎದುರಿಗೆ ನಿಂತಳು.

“ಲಾರಿ ಜತೆ ಮೂವತ್ನಾಲ್ಕು ವರ್ಷ ಹೋದೆ. ನನ್ನ ಜತೆ ನಾಲ್ಕು ದಿನ ಬರೋಕೆ ನಿಂಗೆ ಮಂಡಿ ನೋವಾ, ಮುದುಕಾ? ಬರಲ್ಲ ಅಂದ್ರೆ ಬರಲ್ಲ ಅನ್ನು. ನಾನು ಒಬ್ಳೇ ಹೋಗ್ತೀನಿ. ಏಳೂ ಕಡೆ ನಿನ್ನ ಹೆಸರು ಹೇಳಿ ಉಂಡು ಬರ್ತೀನಿ.”

ಅವಳು ಹೋಗಿಯೇ ಬಿಡುವವಳು ಎಂದು ಅವನಿಗೆ ಗೊತ್ತಿತ್ತು. ಒಪ್ಪಿಕೊಂಡ. ಅವಳ ಮುಖ ನೋಡಿಕೊಂಡು, ಅವಳು ಹುಬ್ಬೇರಿಸಿದಾಗ ತಾನೂ ಹುಬ್ಬೇರಿಸಿ, ನಾಲ್ಕು ದಿನ ನಾಟಕ ಆಡಿ ಮುಗಿಸೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡ.

ಬಸ್ಸು ಮುಂಜಾನೆ ಪತಾವಾಸಿ ತಲುಪಿತು. ಗಾಳಿ ಕಿವಿ ಕೊಯ್ಯುತ್ತಿತ್ತು. ಸತುರ್ನೀನಾಳ ತಗಡಿನ ಜೋಪಡಿಯಲ್ಲಿ ಆಗಲೇ ಏಳೆಂಟು ಡ್ರೈವರುಗಳು ಕಂಬಳಿ ಹೊದ್ದು ಬಟ್ಟಲಿಗೆ ಮುಖ ಹಾಕಿಕೊಂಡಿದ್ದರು. ಸತುರ್ನೀನಾ ಮೆಲಿತೋನನನ್ನು ಕಂಡವಳೇ, ಸತ್ತೇ ಹೋದೆ ಅಂದುಕೊಂಡಿದ್ದೆ ಎಂದು ಬೈದು, ಎರಡು ನೀಲಿ ಬಟ್ಟಲು ತಂದಿಟ್ಟಳು. ಕಾಸಿಲ್ದಾ ಬಟ್ಟಲಿನ ಅಂಚನ್ನು ಬೆರಳಿನಿಂದ ಸವರಿ, ಹೌದು, ಅಂಚು ಒಡೆದಿರುವುದೂ ನಿಜ, ನೀನು ಹೇಳಿದ್ದೆ ಅಂದಳು. ಅವಳ ಕಣ್ಣು ಹೊಳೆಯುತ್ತಿತ್ತು. ಆ ಸಂತೋಷವನ್ನು ನೋಡಲಾರದೆ ಮೆಲಿತೋನ್ ತಲೆ ತಗ್ಗಿಸಿ ಒಂದು ಚಮಚ ಬಾಯಿಗಿಟ್ಟ.

ಮೊದಲು ಮೂಳೆಯ ರುಚಿ ಬಂತು. ಹಿಂದೆಯೇ ಬೆಟ್ಟದ ಪುದೀನ, ಆಮೇಲೆ ಮಂಜಿನಲ್ಲಿ ಒಣಗಿಸಿದ ಆಲೂಗಡ್ಡೆಯ ಮಣ್ಣುಮಣ್ಣು ವಾಸನೆ, ಆಮೇಲೆ ಎಲ್ಲವೂ ಸೇರಿ ಕಿವಿಯವರೆಗೆ ಏರಿತು. ಅವನು ಚಮಚ ಕೆಳಗಿಟ್ಟ. ಇದು ನೆನಪಿನ ರುಚಿ ಇರಬೇಕು ಎಂದುಕೊಂಡು ಇನ್ನೊಂದು ಚಮಚ ತೆಗೆದುಕೊಂಡ. ನೆನಪಲ್ಲ. ಮೂರನೆಯದು, ನಾಲ್ಕನೆಯದು. ಕಣ್ಣಿನಿಂದ ನೀರು ಇಳಿದು ಮೀಸೆಯೊಳಗೆ ಹೋಯಿತು. ಒರೆಸಿಕೊಳ್ಳಬೇಕು ಅನ್ನಿಸಲಿಲ್ಲ.

ಕಾಸಿಲ್ದಾ ಗಾಬರಿಯಿಂದ ಅವನ ತೋಳು ಹಿಡಿದಳು. “ಏನಾಯ್ತು? ಎದೆ ನೋಯ್ತಿದ್ಯಾ?”

“ಸತ್ತಿಲ್ಲ ಕಣೇ.”

“ಯಾರು ಸತ್ತಿಲ್ಲ?”

“ನನ್ನ ನಾಲಿಗೆ.”

ಎಲ್ಲ ಹೇಳಿಬಿಟ್ಟ. ಚಾಕೆ ನೀರಾದದ್ದು, ಡೀಸೆಲ್ ಕೊಳವೆ, ನಾಲ್ಕು ತಿಂಗಳು ಆಡಿದ ನಾಟಕ, ಮಂಡಿ ನೋವಿನ ಸುಳ್ಳು. ಹೇಳುತ್ತಾ ಹೇಳುತ್ತಾ ಸಾರೂ ಕುಡಿಯುತ್ತಿದ್ದ. ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಆಚೆ ಇಟ್ಟಂತೆ ಹಗುರವಾಗಿತ್ತು. ಬೆಟ್ಟದ ಗಾಳಿಗೆ ನಾಲಿಗೆ ಚೇತರಿಸಿಕೊಂಡಿರಬೇಕು, ಪತಾವಾಸಿಯ ದೇವರು ದೊಡ್ಡವನು ಎಂದ. ಅಷ್ಟರಲ್ಲಿ ನೋಡಿದರೆ ಕಾಸಿಲ್ದಾ ಹೊಸ ಟೋಪಿಯಿಂದ ಮುಖ ಮುಚ್ಚಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿರಲಿಲ್ಲ.

“ಗಾಳಿಯೂ ಇಲ್ಲ, ದೇವರೂ ಇಲ್ಲ,” ಅಂದಳು ಕೊನೆಗೆ. “ಉಪ್ಪು, ಮುದುಕಾ. ಬರೀ ಉಪ್ಪು.”

ಅವನ ಟೋಪಿ ಬಿಸಿಲಿಗೆ ಹಾಕಲು ಹೋದಾಗ ಅವಳಿಗೆ ಡಾಕ್ಟರ ಕಾಗದ ಸಿಕ್ಕಿತ್ತು. ನೇರವಾಗಿ ಹೇಳಿದರೆ ಇವನು ಹಟಕ್ಕೆ ಇನ್ನೆರಡು ಚಿಟಿಕೆ ಹೆಚ್ಚೇ ತಿನ್ನುವವನು. ಮನೆಯಲ್ಲಿ ಸದ್ದಿಲ್ಲದೆ ಉಪ್ಪು ಇಳಿಸಿದಳು. ಆದರೆ ಮಧ್ಯಾಹ್ನ ಇವನು ಉಣ್ಣುವುದು ರುಫೀನಾಳ ಮನೆಯಲ್ಲಿ. ಕಾಗದ ಹಿಡಿದುಕೊಂಡು ಅಲ್ಲಿಗೂ ಹೋದಳು. ಇವನಿಗಾಗಿ ಬೇರೆ ಪುಟ್ಟ ಪಾತ್ರೆ ಇಡು ಎಂದು ಕೇಳಿದಳು. ಒಲೆ ಇರುವುದು ಮೇಜಿನ ಎದುರಿಗೆ, ಬೇರೆ ಪಾತ್ರೆ ಇಟ್ಟರೆ ಅವನಿಗೆ ಕಾಣದೇ ಇರುತ್ತದೆಯೇ ಎಂದಳು ರುಫೀನಾ. “ನನ್ ಮನೇಲಿ ಇರೋದು ಒಂದೇ ಪಾತ್ರೆ. ಉಂಡ್ರೆ ಎಲ್ರೂ ಅದನ್ನೇ ಉಣ್ಲಿ” ಎಂದು ಮುಗಿಸಿದಳು. ಅವತ್ತಿನಿಂದ ಸಾರಿಗೆ ಉಪ್ಪು ಬಿಟ್ಟು, ಉಪ್ಪುಪ್ಪಾದ ಚೀಸನ್ನೂ ಎರಡು ನೀರಿನಲ್ಲಿ ತೊಳೆದು ಹಾಕುತ್ತಿದ್ದಳಂತೆ. ಅಬ್ದೋನ್ ಮೇಷ್ಟ್ರಿಗೆ, ಪ್ಲಾಸಿದೊಗೆ, ದಿನವೂ ಬರುವ ಉಳಿದವರಿಗೆ ವಿಷಯ ತಿಳಿಸಿ, ಯಾರಾದರೂ ಮುಖ ಕಿವುಚಿದರೆ ಮತ್ತೆ ಹೊಸ್ತಿಲು ತುಳಿಯಬೇಡಿ ಎಂದೂ ಎಚ್ಚರಿಸಿದ್ದಳು.

ಮೆಲಿತೋನ್ ಚಮಚವನ್ನು ಬಟ್ಟಲಿನಲ್ಲೇ ಬಿಟ್ಟ. “ಅಂದ್ರೆ ಮೇಷ್ಟ್ರು ನಾಲ್ಕು ತಿಂಗ್ಳಿಂದ ಆ ನೀರನ್ನೇ ಚಪ್ಪರಿಸ್ತಾ ಇದ್ರಾ?”

“ಎಲ್ರೂನೂ. ನಿನಗೆ ಗೊತ್ತೇ ಆಗ್ಲಿಲ್ಲ ಅಂತ ನಾನು, ರುಫೀನಾ ಎಷ್ಟು ನಕ್ಕಿದ್ದೀವಿ ಗೊತ್ತಾ? ಇವನ ನಾಲಿಗೆ ಬರೀ ಬಡಾಯಿ, ಸಪ್ಪೆ ಯಾವುದು ಸಾರು ಯಾವುದು ತಿಳಿಯಲ್ಲ ಅಂದ್ಕೊಂಡ್ವಿ.”

ಒಂದು ಕ್ಷಣ ಅವನಿಗೆ ಸಿಟ್ಟು ಬಂತು. ನಾಲ್ಕು ತಿಂಗಳು ತನ್ನನ್ನು ತಾನೇ ಹೂತು ಅತ್ತವನು, ಬರಬೇಡವೇ? ಆದರೆ ಸಿಟ್ಟು ನಿಲ್ಲಲು ಒಳಗೆ ಜಾಗವೇ ಇರಲಿಲ್ಲ. ಅಷ್ಟೂ ಜಾಗವನ್ನು ನೆಮ್ಮದಿ ಹಿಡಿದುಬಿಟ್ಟಿತ್ತು. ನಕ್ಕ. ಮೇಜಿಗೆ ಹಣೆ ಹಚ್ಚಿ ನಕ್ಕ. ಡ್ರೈವರುಗಳು ತಿರುಗಿ ನೋಡಿದರು. ಅವನು ತಲೆ ಎತ್ತುವಷ್ಟರಲ್ಲಿ ಕಾಸಿಲ್ದಾ ಅವನ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಾಗಿತ್ತು. ಅರ್ಧ ಬಟ್ಟಲು ಮಾತ್ರ, ಏಳೂ ಕಡೆ ಅರ್ಧವೇ ಎಂದು ತೀರ್ಪು ಕೊಟ್ಟು, ತಾನು ಮೊದಲ ಚಮಚ ಬಾಯಿಗಿಟ್ಟಳು. ಅವನಿಗೆ ಜೊತೆಯಾಗಿ ಅವಳೂ ನಾಲ್ಕು ತಿಂಗಳು ಸಪ್ಪೆಯನ್ನೇ ಉಂಡವಳು. ಕಣ್ಣು ಮುಚ್ಚಿಕೊಂಡಳು. ಆಮೇಲೆ, ಬೆಳ್ಳುಳ್ಳಿ ನೀನು ಹೇಳಿದ್ದಕ್ಕಿಂತ ಕಡಿಮೆ ಇದೆ ಎಂದಳು.

ಆ ನಾಲ್ಕು ದಿನ ಹೇಗೆ ಕಳೆಯಿತೆಂದು ಅವರಿಬ್ಬರೂ ಈಗಲೂ ಒಂದೇ ತರಹ ಹೇಳುವುದಿಲ್ಲ. ಲಗುನಿಲ್ಯಾಸಿನಲ್ಲಿ ಮೀನು ಕರಿದವಳ ಜೊತೆ ಕಾಸಿಲ್ದಾ ಒಲೆಯ ಮುಂದೆಯೇ ಕೂತುಬಿಟ್ಟು ಬಸ್ಸು ತಪ್ಪಿಸಿದಳು. ಅಯಾವಿರಿಯಲ್ಲಿ ಕುರಿಮರಿಯ ಪಕ್ಕೆಯ ಭಾಗ ಬೇಕೆಂದು ಜಗಳ ಆಡಿ ಗೆದ್ದಳು. ಅರ್ಧ ತಟ್ಟೆಯ ಕಟ್ಟಳೆ ಮಾತ್ರ ಎಲ್ಲೂ ಸಡಿಲವಾಗಲಿಲ್ಲ. ಮೆಲಿತೋನ್ ತನ್ನ ಅರ್ಧವನ್ನು ಮುಗಿಸಿ, ಉಳಿದರ್ಧವನ್ನು ಅವಳು ಉಣ್ಣುವುದನ್ನು ನೋಡುತ್ತಾ ಕೂರುತ್ತಿದ್ದ. ನಾಟಕವಾಡಲು ಏನೂ ಇಲ್ಲದೆ ಸುಮ್ಮನೆ ನೋಡುವುದು ಎಷ್ಟು ಸುಖ ಎಂದು ಅವನಿಗೆ ಆಗ ತಿಳಿಯಿತು.

ಊರಿಗೆ ಮರಳಿದ ಮರುದಿನ ಶುಕ್ರವಾರ. ಓಣಿಯ ತಿರುವಿನಲ್ಲಿ ಮೆಲಿತೋನ್ ಮೂಗೆಳೆದು, ಜೇಬು ಮುಟ್ಟಿ ನೋಡಿಕೊಂಡ. ಗಂಡ ಹೆಂಡತಿ ಇಬ್ಬರೂ ರುಫೀನಾಳ ಬೆಂಚಿನಲ್ಲಿ ಕೂತರು. ಚುಪೆ ಬಂತು. ಮೇಜಿನ ಸುತ್ತ ಎಂದಿನಂತೆ ಚಪ್ಪರಿಕೆ ಶುರುವಾಯಿತು. ಮೆಲಿತೋನ್ ಹುಲಿಯಾಕಾ ಸಂತೆಯಲ್ಲಿ ಕೊಂಡ ಹರಳುಪ್ಪಿನ ಪುಟ್ಟ ಚೀಲವನ್ನು ಜೇಬಿನಿಂದ ತೆಗೆದು ಮೇಜಿನ ನಡುವೆ ಇಟ್ಟು, ಅದರ ಬಾಯಿ ಬಿಚ್ಚಿದ.

“ಮೇಷ್ಟ್ರೇ, ಹಾಕ್ಕೊಳ್ಳಿ. ನಾಲ್ಕು ತಿಂಗಳು ನನ್ನಿಂದ ಕಷ್ಟಪಟ್ರಿ.”

ಚಮಚಗಳು ನಿಂತವು. ಅಬ್ದೋನ್ ಮೇಷ್ಟ್ರ ಮುಖ ಹುಳ್ಳಗಾಯಿತು. ಅವರು ಮೆಲ್ಲಗೆ ಕೋಟಿನ ಒಳಜೇಬಿಗೆ ಕೈ ಹಾಕಿ ಒಂದು ಕಾಗದದ ಪೊಟ್ಟಣ ತೆಗೆದಿಟ್ಟರು. ಪ್ಲಾಸಿದೊ ಬಾಚಣಿಗೆಯ ಡಬ್ಬಿಯಿಂದ ಇನ್ನೊಂದು ತೆಗೆದ. ಆಚೆ ಮೇಜಿನಿಂದ ಎರಡು ಬೆಂಕಿಪೆಟ್ಟಿಗೆ ಬಂದವು. ಎಲ್ಲದರಲ್ಲೂ ಉಪ್ಪು. ಮೆಲಿತೋನನ ಕಣ್ಣು ಮಾತ್ರವಲ್ಲ, ರುಫೀನಾಳ ಕಣ್ಣನ್ನೂ ತಪ್ಪಿಸಿ, ಮೇಜಿನ ಕೆಳಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿಕೊಂಡು ಈ ಮಹಾನುಭಾವರು ಚಪ್ಪರಿಸುತ್ತಿದ್ದರು.

ರುಫೀನಾ ಸೌಟು ಹಿಡಿದುಕೊಂಡೇ ಬಂದಳು. ಅವಳ ತಾಯಿ ಒಲೆ ಹೂಡಿದಂದಿನಿಂದ ಆ ಮೇಜಿನ ಮೇಲೆ ಉಪ್ಪು ಬಿದ್ದದ್ದು ಅದೇ ಮೊದಲು. ಪೊಟ್ಟಣಗಳನ್ನು ಒಂದೊಂದಾಗಿ ನೋಡಿದಳು, ಮೇಷ್ಟ್ರನ್ನು ನೋಡಿದಳು. ಆಮೇಲೆ ಎಲ್ಲವನ್ನೂ ಬಾಚಿ ಒಂದು ಬಟ್ಟಲಿಗೆ ಸುರಿದು, ಮೇಜಿನ ತುತ್ತತುದಿಯಲ್ಲಿ, ಮೆಲಿತೋನ್ ಎಷ್ಟು ಚಾಚಿದರೂ ಕೈಗೆ ಎಟುಕದ ಕಡೆ ಕುಕ್ಕಿದಳು.

“ಇದು ಈ ಕಳ್ಳರಿಗೆ. ನೀನು ಮುಟ್ಟಿದ್ರೆ ಕೈ ಮುರೀತೀನಿ.”

ಮೆಲಿತೋನ್ ಮುಟ್ಟಲಿಲ್ಲ. ತನ್ನ ಬಟ್ಟಲಿಗೆ ಬಾಗಿದ. ಇಲ್ಲದಿರುವುದು ಉಪ್ಪು ಮಾತ್ರ ಎಂದು ಗೊತ್ತಾದ ಮೇಲೆ ಉಳಿದದ್ದೆಲ್ಲ ಒಂದೊಂದಾಗಿ ಸಿಕ್ಕತೊಡಗಿತು. ಕುಂಬಳಕಾಯಿಯ ಸಿಹಿ, ಹಾಲಿನ ನೊರೆ, ಎರಡು ನೀರು ಕಂಡ ಚೀಸಿನ ಸಣ್ಣ ಹುಳಿ, ತಳದಲ್ಲಿ ಸೌದೆಯ ಹೊಗೆ. ಇವೆಲ್ಲ ನಾಲ್ಕು ತಿಂಗಳೂ ಅಲ್ಲೇ ಇದ್ದವು. ಹೆದರಿಕೆಯಲ್ಲಿ ಅವನು ಹುಡುಕಿರಲಿಲ್ಲ. ನಿಧಾನವಾಗಿ ಉಂಡು ಮುಗಿಸಿದ. ರುಫೀನಾ ಒಲೆಯ ಕಡೆ ಹೊರಟಿದ್ದಳು.

“ಅಕ್ಕಾ,” ಎಂದು ಕರೆದು ಅವನು ಬಟ್ಟಲು ಚಾಚಿದ. “ಇನ್ನೊಂದು ಸೌಟು ಹಾಕು.”

ರುಫೀನಾ ನಿಂತಳು. ತಿರುಗಿ ಬಂದು, ಬಟ್ಟಲು ಕಸಿದುಕೊಂಡು, ಪಾತ್ರೆಯ ತಳಕ್ಕೆ ಸೌಟು ಇಳಿಸಿದಳು.

“ಉಪ್ಪಿಲ್ಲದ ಸಾರು ಮಾಡಿದ್ದಕ್ಕೆ ನಂಗೆ ಏನೂ ಅನ್ನಿಸ್ಲಿಲ್ಲ ಕಣೋ,” ಎಂದಳು, ಅವನ ಕಡೆ ನೋಡದೆ. “ನೀನು ಈ ಮಾತು ಕೇಳೋದು ಬಿಟ್ಟೆಯಲ್ಲ, ಅದು ತಡೆಯೋಕಾಗ್ತಿರ್ಲಿಲ್ಲ.”

ಸೌಟಿನ ಜೊತೆ ಮೂಳೆಯ ಆ ಒಳ್ಳೆಯ ತುಂಡೂ ಬಂದು ಬಟ್ಟಲಿಗೆ ಬಿತ್ತು. ನಾಲ್ಕು ತಿಂಗಳಲ್ಲಿ ಒಂದು ದಿನವೂ ಅವಳು ಅದನ್ನು ಬೇರೆಯವರಿಗೆ ಬಡಿಸಿರಲಿಲ್ಲ.